ಬಿರುಕು ಇದ್ದೇ ಇದೆ ಎಂದು ನಂಬುವ ನಿಯಮ



ಹೆಲಿಕಾಪ್ಟರ್ ಎಂಜಿನ್ನಿನಲ್ಲಿ ಬಿರುಕು ಬಿಟ್ಟ ಭಾಗಗಳನ್ನು ಬದಲಿಸುವ ನಿಯಮಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ತುಸು ಹಿಂದೆಮುಂದೆ ನೋಡಿದರು. ದತ್ತಿ ಉಪನ್ಯಾಸ ಎಂದರೆ ವಚನ, ಜನಪದ, ತಪ್ಪಿದರೆ ಕಡೂರು, ತರೀಕೆರೆ, ಅಜ್ಜಂಪುರದ ಈ ಸೀಮೆಯವರೇ ಆದ ಕಥೆಗಾರ ಆನಂದ, ಅಂದರೆ ಅಜ್ಜಂಪುರ ಸೀತಾರಾಂ ಅವರ ಕಥೆಗಳು. ಅದು ವಾಡಿಕೆ. ವಾಡಿಕೆ ಮುರಿಯಲು ನನಗಿರುವ ಕಾರಣ ಒಂದೇ. ಅಜ್ಜಂಪುರದಿಂದ, ತರೀಕೆರೆಯಿಂದ ಬೆಂಗಳೂರಿಗೆ ಹೊರಡುವ ರೈಲು ಬೀರೂರು, ಕಡೂರು, ಅರಸೀಕೆರೆ, ತಿಪಟೂರು ದಾಟಿ ಗುಬ್ಬಿಗೆ ಬರುತ್ತದೆ. ಆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2023ರ ಫೆಬ್ರವರಿ 6ರಂದು ಅದರ ಉದ್ಘಾಟನೆಯಾಯಿತು. ಈ ಸಭೆಯಲ್ಲಿ ಕೂತಿರುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಇನ್ನು ಹತ್ತು ವರ್ಷದಲ್ಲಿ ಅಂಥ ಕಾರ್ಖಾನೆಯ ಗೇಟಿನೊಳಗೆ ಇರುತ್ತಾರೆ. ಅವರ ಕೈಗೆ ಬರಲಿರುವ ನಿಯಮಪುಸ್ತಕದ ಹಿಂದಿನ ತರ್ಕವನ್ನು ಕನ್ನಡದಲ್ಲಿ ಒಮ್ಮೆ ಹೇಳಿಬಿಡೋಣ ಎಂದು ಬಂದೆ.

ಶುರು ಮಾಡುವುದು ಹೆಲಿಕಾಪ್ಟರಿನಿಂದಲ್ಲ, ಬೀರೂರು ಜಂಕ್ಷನ್ನಿನ ಹಳಿಯಿಂದ. ಸಣ್ಣ ಕೈಗಾಡಿಯಂಥ ಯಂತ್ರವನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುವವರನ್ನು ನೀವು ನೋಡಿರಬಹುದು. ಅದು ಅಲ್ಟ್ರಾಸೋನಿಕ್ ಯಂತ್ರ. ಕಿವಿಗೆ ಕೇಳದಷ್ಟು ಮೇಲಿನ ಸ್ವರವನ್ನು ಉಕ್ಕಿನೊಳಕ್ಕೆ ಕಳಿಸಿ, ಒಳಗೆಲ್ಲಾದರೂ ಸೀಳಿದ್ದರೆ ಅಲ್ಲಿಂದ ತಿರುಗಿ ಬರುವ ಮಾರ್ದನಿಯನ್ನು ಹಿಡಿಯುತ್ತದೆ. ದೋಷ ಸಿಕ್ಕರೆ ಹಳಿಯ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೆ. ರೈಲ್ವೆಯವರು ದೋಷಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದು ಐಎಂಆರ್: ಕೂಡಲೇ ತೆಗೆಯಬೇಕಾದದ್ದು, ಮೂರು ದಿನದೊಳಗೆ ಹಳಿ ಬದಲಾಗಬೇಕು, ಅಲ್ಲಿಯವರೆಗೆ ರೈಲು ನಿಧಾನವಾಗಿ ಹೋಗಬೇಕು. ಇನ್ನೊಂದು ಒಬಿಎಸ್: ಕಣ್ಣಿಟ್ಟಿರಬೇಕಾದದ್ದು. ಅಂದರೆ ನೀವು ನಿನ್ನೆ ರಾತ್ರಿ ಹಾಯಾಗಿ ಮಲಗಿ ಬಂದ ಹಳಿಯಲ್ಲಿ ಎಲ್ಲೋ ಒಂದು ಕಡೆ ಬಿರುಕಿತ್ತು, ಅದು ಇದೆ ಎಂದು ಒಬ್ಬರಿಗೆ ಗೊತ್ತಿತ್ತು, ಗೊತ್ತಿದ್ದೇ ರೈಲನ್ನು ಬಿಟ್ಟಿದ್ದರು. ಗಾಬರಿ ಬೇಡ. ಅದೇ ಸರಿಯಾದ ಕ್ರಮ.

ಲೋಹ ಹೀಗೆ ದಣಿದು ಸೀಳುತ್ತದೆ ಎಂಬ ಅರಿವು ಮೂಡಿದ್ದೂ ರೈಲಿನಿಂದಲೇ. 1842ರ ಮೇ 8ರಂದು ಫ್ರಾನ್ಸಿನ ವರ್ಸಾಯ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ ಅಚ್ಚು ತುಂಡಾಗಿ, ಬೆಂಕಿ ಹತ್ತಿ, ಹಲವರು ಸುಟ್ಟುಹೋದರು. ಗಟ್ಟಿಮುಟ್ಟಾಗಿದ್ದ ಅಚ್ಚು ಮಿತಿ ಮೀರಿದ ಭಾರವಿಲ್ಲದೆಯೇ ಹೇಗೆ ಮುರಿಯಿತು? ಮುಂದೆ ಜರ್ಮನಿಯ ವೋಲರ್ ಎಂಬ ರೈಲ್ವೆ ಎಂಜಿನಿಯರ್ ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ, ಬಗ್ಗಿಸಿ ಪರೀಕ್ಷೆ ಮಾಡಿ ಉತ್ತರ ಕೊಟ್ಟರು. ಒಂದು ಸಲಕ್ಕೆ ಏನೂ ಮಾಡದ ಭಾರ, ಹತ್ತು ಲಕ್ಷ ಸಲ ಬಂದರೆ ಮುರಿಯುತ್ತದೆ.

ಈಗ ಹೆಲಿಕಾಪ್ಟರಿಗೆ ಬರೋಣ. ಬಾಡಿಗೆ ಹೆಲಿಕಾಪ್ಟರ್‌ಗಳಲ್ಲಿ ಬೆಲ್ ಕಂಪನಿಯ ಒಂಟಿ ಎಂಜಿನ್ನಿನ ಯಂತ್ರಗಳು ಸಾಮಾನ್ಯ. ಅವುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ರೋಲ್ಸ್-ರಾಯ್ಸ್ 250 ಶ್ರೇಣಿಯ ಎಂಜಿನ್. ಇಬ್ಬರು ಎತ್ತಿ ಮೇಜಿನ ಮೇಲಿಡಬಹುದಾದಷ್ಟೇ ಗಾತ್ರ. ಅದರಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರನ್ನು ತಿರುಗಿಸುವ ಟರ್ಬೈನ್ ನಿಮಿಷಕ್ಕೆ ಸುಮಾರು 51,000 ಸುತ್ತು ಸುತ್ತುತ್ತದೆ. ಅದರ ಹಿಂದಿನ ಪವರ್ ಟರ್ಬೈನ್ 33,000ದಷ್ಟು. ಗೇರುಗಳ ಮೂಲಕ ಇಳಿದು ಇಳಿದು ತಲೆಯ ಮೇಲಿನ ರೆಕ್ಕೆಗೆ ತಲುಪುವಾಗ ಅದು 400ರ ಆಸುಪಾಸಿಗೆ ಬಂದಿರುತ್ತದೆ. ಕೆಂಪಗೆ ಕಾದ ಅಲಗುಗಳು ಆ ವೇಗದಲ್ಲಿ ಸುತ್ತುವಾಗ ಒಂದೊಂದು ಅಲಗೂ ತನ್ನ ಬುಡವನ್ನು ಹೊರಕ್ಕೆ ಜಗ್ಗುತ್ತದೆ. ಎಂಜಿನ್ ಶುರುವಾದಾಗ ಜಗ್ಗಾಟ, ನಿಂತಾಗ ಬಿಡುವು. ಹೀಗೆ ಒಮ್ಮೆ ಶುರುವಾಗಿ ನಿಂತರೆ ಒಂದು ಸೈಕಲ್ ಎಂಬುದು ಸ್ಥೂಲ ಲೆಕ್ಕ. ಎಷ್ಟು ಗಂಟೆ ಹಾರಿತು ಎನ್ನುವುದಕ್ಕಿಂತ ಎಷ್ಟು ಸಲ ಶುರುವಾಯಿತು ಎನ್ನುವುದೇ ಅಲಗುಗಳನ್ನು ಹಿಡಿದಿರುವ ಟರ್ಬೈನ್ ಡಿಸ್ಕಿಗೆ ಮುಖ್ಯ. ಚುನಾವಣೆ ಕಾಲದಲ್ಲಿ ದಿನಕ್ಕೆ ಐದಾರು ಊರು ಸುತ್ತುವ ಹೆಲಿಕಾಪ್ಟರು, ಒಂದೇ ಉದ್ದದ ಹಾರಾಟ ಮಾಡುವ ಹೆಲಿಕಾಪ್ಟರಿಗಿಂತ ಬೇಗ ಮುದುಕಾಗುವುದು ಇದರಿಂದ.

ಎಂಜಿನ್ನಿನೊಳಗಿನ ಬಿರುಕುಗಳೆಲ್ಲ ಒಂದೇ ಜಾತಿಯವಲ್ಲ. ಉರಿಯುವ ಅನಿಲವನ್ನು ಟರ್ಬೈನಿನ ಕಡೆ ತಿರುಗಿಸುವ ನಾಜಲ್ ಅಲಗುಗಳು ತಾವಾಗಿ ತಿರುಗುವುದಿಲ್ಲ, ಸ್ಥಿರವಾಗಿರುತ್ತವೆ. ಕಾದು ತಣಿದು ಕಾದು ತಣಿದು ಅವುಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು ಬರುವುದು ಮಾಮೂಲು. ಎಂಜಿನ್ ತಯಾರಕರ ಕೈಪಿಡಿಯಲ್ಲೇ ಇಷ್ಟು ಉದ್ದದವರೆಗೆ ಇರಲಿ, ಇಷ್ಟು ಬಿರುಕುಗಳವರೆಗೆ ಇರಲಿ, ಎರಡು ಬಿರುಕು ಒಂದನ್ನೊಂದು ಸೇರುವಂತಿದ್ದರೆ ತೆಗೆಯಿರಿ ಎಂಬಂಥ ಮಿತಿಗಳಿರುತ್ತವೆ. ರೈಲ್ವೆಯ ಒಬಿಎಸ್ ಹಾಗೆ. ತಿರುಗುವ ಡಿಸ್ಕಿನ ಮಾತು ಬೇರೆ. ಅಲ್ಲಿ ಬಿರುಕು ಎಂದರೆ ಮುಗಿಯಿತು, ಎಷ್ಟೇ ಚಿಕ್ಕದಿರಲಿ. ಕಾರಣ ಇದು: ಒಂದು ಅಲಗು ಕಿತ್ತುಹೋದರೆ ಎಂಜಿನ್ನಿನ ಕವಚ ಅದನ್ನು ಒಳಗೇ ತಡೆಯಬೇಕು ಎಂದು ಪ್ರಮಾಣೀಕರಣದ ನಿಯಮ ಹೇಳುತ್ತದೆ. ಡಿಸ್ಕೇ ಸಿಡಿದರೆ? ಅದನ್ನು ತಡೆಯುವ ಕವಚವನ್ನು ಹೊತ್ತು ಹಾರಲು ಆಗುವುದಿಲ್ಲ. ಆದ್ದರಿಂದ ಡಿಸ್ಕು ಸಿಡಿಯಲೇಬಾರದು ಎಂಬ ಲೆಕ್ಕದ ಮೇಲೆ ಎಲ್ಲ ನಿಂತಿದೆ.

ನಾನು ತಪಾಸಣೆ ಕೆಲಸದಲ್ಲಿ ಬಹಳ ವರ್ಷ ದುಡಿದವನು, ಹಾಗಾಗಿ ಒಂದು ಕೋಣೆಯೊಳಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ. ಪೆನಿಟ್ರಂಟ್ ಕೋಣೆ ಎನ್ನುತ್ತೇವೆ. ಬಿಚ್ಚಿದ ಟರ್ಬೈನ್ ಚಕ್ರವನ್ನು ಮೊದಲು ಎಣ್ಣೆ ಜಿಡ್ಡು ಮಸಿ ಎಲ್ಲ ಹೋಗುವಂತೆ ತೊಳೆಯಬೇಕು. ಈ ತೊಳೆತದಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ದಂಡ. ಆಮೇಲೆ ಅದನ್ನು ಹೊಳಪಿನ ಬಣ್ಣವಿರುವ ತೆಳು ದ್ರವದಲ್ಲಿ ಅದ್ದಿ, ಹೇಳಿದಷ್ಟು ನಿಮಿಷ ಬಿಡಬೇಕು. ದ್ರವ ಬಿರುಕಿನೊಳಗೆ ತಾನೇ ಇಳಿಯುತ್ತದೆ. ಮೇಲ್ಮೈ ಮೇಲಿನದನ್ನು ತೊಳೆಯಬೇಕು, ಆದರೆ ಜೋರಾಗಿ ತೊಳೆದರೆ ಬಿರುಕಿನೊಳಗಿನದೂ ಹೋಗುತ್ತದೆ. ಒಣಗಿಸಿ, ಬಿಳಿ ಪುಡಿ ಹಾಕಿ, ದೀಪ ಆರಿಸಿ, ಕತ್ತಲಿಗೆ ಕಣ್ಣು ಹೊಂದುವವರೆಗೆ ಕಾಯಬೇಕು. ಇದಕ್ಕೂ ನಿಯಮವಿದೆ, ಒಳಗೆ ಬಂದ ಕೂಡಲೇ ನೋಡುವಂತಿಲ್ಲ. ನಂತರ ನೇರಳಾತೀತ ದೀಪ. ಚಕ್ರ ಕಡುನೀಲಿಯಾಗಿ ಕಾಣುತ್ತದೆ. ಬಿರುಕಿದ್ದರೆ ಅಲಗಿನ ಬುಡದಲ್ಲಿ ಹಳದಿ ಮಿಶ್ರಿತ ಹಸಿರಿನ ಸಣ್ಣ ಗೆರೆ ಉರಿಯುತ್ತದೆ. ಬಿರುಕಿಲ್ಲದೆಯೂ ಬೆರಳಚ್ಚು, ಬಟ್ಟೆಯ ಎಳೆ, ಗೀರು ಎಲ್ಲವೂ ಹೊಳೆಯುತ್ತವೆ. ಯಾವ ಗೆರೆ ಯಾವುದು ಎಂದು ತಿಳಿಯುವುದು ಅಭ್ಯಾಸದಿಂದ. ಒಂದೇ ಥರದ ಚಕ್ರಗಳನ್ನು ಸಾಲಾಗಿ ನೋಡಿ ನೋಡಿ, ಶಿಫ್ಟಿನ ಕೊನೆಗೆ ಕಣ್ಣು ತೆರೆದಿರುತ್ತದೆ, ನೋಟ ಇರುವುದಿಲ್ಲ. ಇದನ್ನು ಯಾವ ಇನ್‌ಸ್ಪೆಕ್ಟರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ನಿಯಮ ಬರೆದವರಿಗೂ ಗೊತ್ತು. ಅದನ್ನು ಕಲಿಸಿದ ದೊಡ್ಡ ಪಾಠ ಹೆಲಿಕಾಪ್ಟರಿನದಲ್ಲ, ವಿಮಾನದ್ದು. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಟೈಟಾನಿಯಂ ಫ್ಯಾನ್ ಡಿಸ್ಕ್ ಸಿಡಿಯಿತು. ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಡಿಸ್ಕಿನ ನಿಗದಿತ ಆಯಸ್ಸು 18,000 ಸೈಕಲ್. ಸಿಡಿದದ್ದು 15,503ರಲ್ಲಿ. ಅಂದರೆ ಎಣಿಕೆ ಸೋತಿತು. ಅದಕ್ಕೆ ಕೇವಲ 760 ಸೈಕಲ್ ಮೊದಲು ಅದೇ ಡಿಸ್ಕು ನಾನು ಈಗ ಹೇಳಿದಂಥದ್ದೇ ಪೆನಿಟ್ರಂಟ್ ತಪಾಸಣೆ ದಾಟಿ ಬಂದಿತ್ತು. ಆಗಲೇ ಅದರಲ್ಲಿ ಅರ್ಧ ಅಂಗುಲದಷ್ಟು ಬಿರುಕು ಇದ್ದಿರಬೇಕು ಎಂದು ತನಿಖೆ ಹೇಳಿತು. ಕಣ್ಣೂ ಸೋತಿತು. ಬಿರುಕಿನ ಹುಟ್ಟು ಲೋಹ ಎರಕ ಹೊಯ್ದ ದಿನವೇ ಒಳಗೆ ಉಳಿದುಹೋದ ಒಂದು ಗಡಸು ಚುಕ್ಕೆಯಲ್ಲಿತ್ತು.

ಇಂಥ ಅಪಘಾತಗಳಿಂದ ಗಟ್ಟಿಯಾದ ವಿಚಾರವೇ ಇವತ್ತಿನ ನನ್ನ ಮಾತಿನ ತಿರುಳು. ಹೊಸ ಭಾಗದಲ್ಲೂ ಬಿರುಕು ಈಗಾಗಲೇ ಇದೆ ಎಂದುಕೊಂಡೇ ಲೆಕ್ಕ ಮಾಡು. ಎಷ್ಟು ದೊಡ್ಡದು? ನಿನ್ನ ಯಂತ್ರಕ್ಕೂ ಕಣ್ಣಿಗೂ ಸಿಗದಿರುವಷ್ಟು ದೊಡ್ಡದು. ಅದು ಬೆಳೆದು ಭಾಗವನ್ನು ಮುರಿಯಲು ಎಷ್ಟು ಸೈಕಲ್ ಬೇಕು ಎಂದು ಕಂಡುಹಿಡಿ. ಆ ಅವಧಿಯೊಳಗೆ ಒಂದಲ್ಲ, ಎರಡು ಮೂರು ತಪಾಸಣೆಗಳು ಬೀಳುವಂತೆ ಗಡುವು ಇಡು, ಒಬ್ಬ ತಪ್ಪಿಸಿದ್ದನ್ನು ಇನ್ನೊಬ್ಬ ಹಿಡಿಯಲಿ. ನಿಯಮ ಇನ್‌ಸ್ಪೆಕ್ಟರನ್ನು ಗೌರವಿಸುತ್ತದೆ, ನಂಬುವುದಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ನನ್ನನ್ನು ಕೇಳಿದರೆ, ನನ್ನ ಕಣ್ಣನ್ನೇ ನೂರಕ್ಕೆ ನೂರು ನಂಬಿ ಮಾಡಿದ ವ್ಯವಸ್ಥೆಯಲ್ಲಿ ಹೆಲಿಕಾಪ್ಟರ್ ಹತ್ತಲು ನಾನೇ ಒಪ್ಪುತ್ತಿರಲಿಲ್ಲ.

ಆದೇಶಗಳು ಬರುವ ದಾರಿ ಹೀಗೆ. ಎಲ್ಲೋ ಒಂದು ಎಂಜಿನ್ನಿನಲ್ಲಿ ಬಿರುಕು ಕಾಣುತ್ತದೆ. ತಯಾರಕರು ಸರ್ವಿಸ್ ಬುಲೆಟಿನ್ ಹೊರಡಿಸುತ್ತಾರೆ. ಅದು ಸಲಹೆ. ಆ ಎಂಜಿನ್ ವಿನ್ಯಾಸವಾದ ದೇಶದ ಪ್ರಾಧಿಕಾರ, ಅಮೆರಿಕದ್ದಾದರೆ ಎಫ್‌ಎಎ, ಯುರೋಪಿನದಾದರೆ ಇಎಎಸ್‌ಎ, ಅದನ್ನು ತೂಗಿ ನೋಡಿ ಏರ್‌ವರ್ದಿನೆಸ್ ಡೈರೆಕ್ಟಿವ್ ಹೊರಡಿಸಿದರೆ ಅದು ಕಟ್ಟಳೆ. ನಮ್ಮಲ್ಲಿ ನಾಗರಿಕ ವಿಮಾನಯಾನದ ಪ್ರಾಧಿಕಾರವಾದ ಡಿಜಿಸಿಎ ಅದನ್ನು ಇಲ್ಲಿನ ಎಲ್ಲ ನಾಗರಿಕ ವಿಮಾನ, ಹೆಲಿಕಾಪ್ಟರ್‌ಗಳಿಗೂ ಕಡ್ಡಾಯ ಮಾಡುತ್ತದೆ. ಆಗಲೇ ಹೇಳಿದ 250 ಶ್ರೇಣಿಯ ಎಂಜಿನ್ನಿನ ಮೂರನೇ ಹಂತದ ಟರ್ಬೈನ್ ಚಕ್ರಗಳಲ್ಲಿ ಅಲಗು ಬಿರುಕುಬಿಟ್ಟ ಪ್ರಕರಣಗಳು ಬಂದಾಗ ಎಫ್‌ಎಎ ಇಂಥದೇ ನಿರ್ದೇಶನ ಹೊರಡಿಸಿತ್ತು: ಕಣ್ಣಿನಿಂದಲೂ ಪೆನಿಟ್ರಂಟಿನಿಂದಲೂ ನೋಡಿ, ಮತ್ತೆ ಮತ್ತೆ ನೋಡಿ, ಬಿರುಕಿದ್ದರೆ ಆ ಚಕ್ರವನ್ನು ಕಿತ್ತು ಬೇರೆ ಹಾಕಿ.

ಇಂಥ ನಿರ್ದೇಶನಗಳ ಭಾಷೆ ಒಣಒಣ. ಅದರಲ್ಲಿ ನಾನು ಮೊದಲು ಹುಡುಕುವುದು ಗಡುವು. ಮುಂದಿನ ಹಾರಾಟಕ್ಕೆ ಮೊದಲು ಎಂದಿದೆಯೋ, 25 ಗಂಟೆಯೊಳಗೆ ಎಂದಿದೆಯೋ, ಇಷ್ಟು ಸೈಕಲ್ ಆಗುವುದರೊಳಗೆ ಎಂದಿದೆಯೋ. ಆ ಒಂದು ಸಂಖ್ಯೆಯಲ್ಲಿ ಬಿರುಕಿನ ಬೆಳವಣಿಗೆಯ ಲೆಕ್ಕವಿದೆ, ಬಿಡಿಭಾಗ ಸಿಗುವುದೋ ಇಲ್ಲವೋ ಎಂಬ ಲೆಕ್ಕವಿದೆ, ಹೆಲಿಕಾಪ್ಟರ್ ನಿಂತರೆ ಆಸ್ಪತ್ರೆಗೆ ಹೋಗಬೇಕಾದ ರೋಗಿಯ ಲೆಕ್ಕವೂ ಇದೆ. ಮಾಲೀಕರು ಓದುವುದು ಕೊನೆಯ ದಿನಾಂಕವನ್ನು. ಎಂಜಿನಿಯರ್ ಓದಬೇಕಾದದ್ದು ಆ ದಿನಾಂಕ ಯಾವ ಊಹೆಯ ಮೇಲೆ ನಿಂತಿದೆ ಎಂಬುದನ್ನು.

ಇನ್ನು ನಮ್ಮ ನಾಡಿನ ಪ್ರಕರಣಕ್ಕೆ ಬರುತ್ತೇನೆ. ಇದು ಎಂಜಿನ್ನಿನದಲ್ಲ, ಎಂಜಿನ್ನಿನ ಆಚೆಯದು. ಆದರೂ ಇದನ್ನು ಬಿಟ್ಟು ಕರ್ನಾಟಕದಲ್ಲಿ ಹೆಲಿಕಾಪ್ಟರ್ ಬಿರುಕಿನ ಮಾತಾಡಿದರೆ ಅಪ್ರಾಮಾಣಿಕವಾಗುತ್ತದೆ. ಧ್ರುವ್ ಹೆಲಿಕಾಪ್ಟರ್ ಬೆಂಗಳೂರಿನ ಕೂಸು. 1992ರ ಆಗಸ್ಟ್ 20ರಂದು ಮೊದಲ ಹಾರಾಟ. ಈಗ ಅದರಲ್ಲಿರುವ ಶಕ್ತಿ ಎಂಜಿನ್ ಎಚ್‌ಎಎಲ್ ಮತ್ತು ಫ್ರಾನ್ಸಿನ ಟರ್ಬೊಮೆಕಾ, ಅಂದರೆ ಈಗಿನ ಸಾಫ್ರಾನ್, ಸೇರಿ ರೂಪಿಸಿದ್ದು. ಹಿಮಾಲಯದ ಎತ್ತರದಲ್ಲಿ ಇದರಷ್ಟು ದುಡಿದ ಯಂತ್ರ ಕಡಿಮೆ. 2023ರಲ್ಲಿ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಧ್ರುವ್‌ಗಳಿಗೆ ಒಂದರ ಹಿಂದೊಂದು ಅಪಘಾತಗಳಾದ ಮೇಲೆ ನಿಯಂತ್ರಣ ಕಡ್ಡಿಗಳನ್ನು ಅಲ್ಯೂಮಿನಿಯಂನಿಂದ ಉಕ್ಕಿಗೆ ಬದಲಿಸುವ ಕೆಲಸ ನಡೆಯಿತು. 2025ರ ಜನವರಿ 5ರಂದು ಪೋರ್‌ಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ಸ್ವಾಶ್‌ಪ್ಲೇಟ್ ಬಿರುಕುಬಿಟ್ಟು ಮುರಿದದ್ದು ಬಯಲಾಯಿತು. ಪೈಲಟ್ ಕೈಯ ಚಲನೆಯನ್ನು ತಿರುಗುತ್ತಿರುವ ರೆಕ್ಕೆಗಳಿಗೆ ಮುಟ್ಟಿಸುವ ತಟ್ಟೆ ಅದು. ಎರಡು ಎಂಜಿನ್ನಿನಲ್ಲಿ ಒಂದು ಹೋದರೆ ಇನ್ನೊಂದಿದೆ, ಎರಡೂ ಹೋದರೆ ರೆಕ್ಕೆ ಗಾಳಿಯಲ್ಲೇ ತಿರುಗಿಕೊಂಡು ಇಳಿಸೀತು. ಈ ತಟ್ಟೆಗೆ ಬದಲಿ ಇಲ್ಲ.

ಸುಮಾರು 330 ಧ್ರುವ್‌ಗಳನ್ನೂ ನೆಲಕ್ಕಿಳಿಸಿದರು. ಗಣರಾಜ್ಯೋತ್ಸವದ ಹಾರಾಟದಲ್ಲಿ ಅದು ಕಾಣಲಿಲ್ಲ. ಫೆಬ್ರವರಿಯ ಯಲಹಂಕ ಏರೋ ಇಂಡಿಯಾದಲ್ಲಿ ಧ್ರುವ್ ಹಾರಿಸುವ ವಾಯುಪಡೆಯ ಸಾರಂಗ್ ಪ್ರದರ್ಶನ ತಂಡ ಹಾರಲಿಲ್ಲ. ತವರಿನಲ್ಲೇ ಹಾರದಂತಾಯಿತು ಎಂದು ಪತ್ರಿಕೆಗಳಿಗೆ ಬೇಸರ. ನನಗೆ ಮಾತ್ರ ಅದು ಮೆಚ್ಚುಗೆಯಾಯಿತು. ಮೇ ತಿಂಗಳಿಂದ ಸೇನೆ ಮತ್ತು ವಾಯುಪಡೆಯ ಧ್ರುವ್‌ಗಳು ಮತ್ತೆ ಹಾರಲು ಅನುಮತಿ ಸಿಕ್ಕಿತು. ಮಧ್ಯದ ಆ ನಾಲ್ಕು ತಿಂಗಳಲ್ಲಿ ಗಡಿಯಿಂದ, ರಕ್ಷಣಾ ಇಲಾಖೆಯಿಂದ ಎಷ್ಟು ಒತ್ತಡವಿತ್ತೋ ಊಹಿಸಿಕೊಳ್ಳಿ. ಆದರೂ ನಿಲ್ಲಿಸಿದರು.

ಮೆಚ್ಚಲಾಗದ್ದು ಇನ್ನೊಂದಿದೆ. ನಾಗರಿಕ ಹೆಲಿಕಾಪ್ಟರ್ ಬಿದ್ದರೆ 2012ರಲ್ಲಿ ರೂಪುಗೊಂಡ ಅಪಘಾತ ತನಿಖಾ ಸಂಸ್ಥೆ ಎಎಐಬಿ ತನಿಖೆ ಮಾಡಿ ವರದಿಯನ್ನು ಪ್ರಕಟಿಸುತ್ತದೆ. ಗುಬ್ಬಿಯ ಹುಡುಗನೂ ಓದಬಹುದು. ಸೈನ್ಯದ ಯಂತ್ರಗಳ ಪ್ರಮಾಣೀಕರಣ ಬೆಂಗಳೂರಿನ ಸೆಮಿಲಾಕ್ ಸಂಸ್ಥೆಯ ಕೈಯಲ್ಲಿದೆ, ಅವುಗಳ ಅಪಘಾತ ವರದಿಗಳು ಹೊರಗೆ ಬರುವುದಿಲ್ಲ. ಶಸ್ತ್ರಾಸ್ತ್ರದ ಗುಟ್ಟು ಗುಟ್ಟಾಗಿರಲಿ. ಒಂದು ತಟ್ಟೆ ಯಾವ ಜಾಗದಲ್ಲಿ, ಎಷ್ಟು ಗಂಟೆಯಲ್ಲಿ, ಯಾಕೆ ಬಿರುಕುಬಿಟ್ಟಿತು ಎಂಬುದು ಯಾವ ಶತ್ರುವಿಗೆ ಬೇಕಾದ ಗುಟ್ಟು? ಅದು ಬೇಕಾಗಿರುವುದು ನಾಳೆ ಅದೇ ತಟ್ಟೆಯನ್ನು ಜೋಡಿಸುವವರಿಗೆ.

ನಾರ್ವೆಯವರು ಹೇಗೆ ಮಾಡಿದರು ಎಂದು ಹೇಳುತ್ತೇನೆ. 2016ರ ಏಪ್ರಿಲ್ 29ರಂದು ಸಮುದ್ರದ ತೈಲಬಾವಿಯಿಂದ ಬರುತ್ತಿದ್ದ ಇಸಿ225 ಹೆಲಿಕಾಪ್ಟರಿನ ರೆಕ್ಕೆ ಪೂರಾ ಕಿತ್ತುಹೋಗಿ, ತುರೋಯ್ ದ್ವೀಪದ ಬಳಿ ಬಿದ್ದು 13 ಜನ ಸತ್ತರು. ಗೇರ್‌ಬಾಕ್ಸಿನ ಒಂದು ಚಿಕ್ಕ ಗೇರಿನಲ್ಲಿ ಬಿರುಕು. ಎಣ್ಣೆಯಲ್ಲಿ ಲೋಹದ ಪುಡಿ ಬಂದರೆ ಹಿಡಿಯುವ ಅಯಸ್ಕಾಂತದ ಚಿಪ್ ಡಿಟೆಕ್ಟರ್ ಇತ್ತು. ಆದರೆ ಬಿರುಕು ಮೇಲ್ಮೈಯ ಕೆಳಗೇ ಹರಿದದ್ದರಿಂದ ಎಚ್ಚರಿಸುವಷ್ಟು ಪುಡಿ ಉದುರಲಿಲ್ಲ. ಅದಕ್ಕೆ ಏಳು ವರ್ಷ ಮೊದಲು, 2009ರಲ್ಲಿ, ಸ್ಕಾಟ್ಲೆಂಡ್ ತೀರದಲ್ಲಿ ಇದರ ಸೋದರ ಹೆಲಿಕಾಪ್ಟರ್ ಅದೇ ಬಗೆಯ ಗೇರು ಮುರಿದು ಬಿದ್ದು 16 ಜನ ಸತ್ತಿದ್ದರು. ಎರಡೂ ವರದಿಗಳು ಬಹಿರಂಗವಾಗಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮೊದಲನೆಯದರಿಂದ ಏನನ್ನು ಕಲಿಯಲಿಲ್ಲ ಎಂಬುದು ಯಾರಿಗೂ ಕಾಣುತ್ತದೆ. ವರದಿ ಕಪಾಟಿನಲ್ಲಿದ್ದರೆ ಹಾಗೆ ಕಾಣುವುದಿಲ್ಲ.

ಬದಲಿಸುವ ಕೆಲಸದ ಬಗ್ಗೆ ಇನ್ನು ಸ್ವಲ್ಪ. ಹೊಸ ಭಾಗ ಬಂದಾಗ ಮೊದಲು ನೋಡಬೇಕಾದದ್ದು ಅದರ ಜೊತೆ ಬಂದ ಕಾಗದವನ್ನು. ಸೀರಿಯಲ್ ನಂಬರ್, ಇದುವರೆಗಿನ ಗಂಟೆ, ಸೈಕಲ್, ಯಾರು ಬಿಡುಗಡೆ ಮಾಡಿದರು ಎಂಬ ಪ್ರಮಾಣಪತ್ರ. ಕಾಗದವಿಲ್ಲದ ಡಿಸ್ಕು ಎಷ್ಟೇ ಫಳಫಳ ಹೊಳೆಯಲಿ, ಅದು ಡಿಸ್ಕಲ್ಲ, ಕಬ್ಬಿಣದಂಗಡಿಯ ಸಾಮಾನು. 2023ರಲ್ಲಿ ಲಂಡನ್ನಿನ ಒಬ್ಬ ವ್ಯಾಪಾರಿ ಸುಳ್ಳು ಪ್ರಮಾಣಪತ್ರಗಳ ಜೊತೆ ಎಂಜಿನ್ ಭಾಗಗಳನ್ನು ಮಾರಿದ್ದು ಬೆಳಕಿಗೆ ಬಂದು, ಹಲವು ದೇಶಗಳ ಏರ್‌ಲೈನ್‌ಗಳು ವಿಮಾನ ನಿಲ್ಲಿಸಿ ಭಾಗ ಹುಡುಕಬೇಕಾಯಿತು.

ಹಳೆಯ ಭಾಗದ ಗತಿಯೂ ಅಷ್ಟೇ ಮುಖ್ಯ. ತಿರಸ್ಕೃತ ಎಂದು ಕೆಂಪು ಚೀಟಿ ಕಟ್ಟಿ, ಬೇರೆಯೇ ಬೀಗದ ಕೋಣೆಯಲ್ಲಿಟ್ಟು, ಕೊನೆಗೆ ಮತ್ತೆಂದೂ ಬಳಕೆಗೆ ಬಾರದಂತೆ ಕತ್ತರಿಸಿ ಹಾಕಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಇದು ಸಂಕಟ. ಲಕ್ಷಾಂತರ ರೂಪಾಯಿಯ ಚಕ್ರ, ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ, ಕೆಲವೊಮ್ಮೆ ಬಿರುಕೇ ಇಲ್ಲ, ಸೈಕಲ್ ಮುಗಿದಿದೆ ಅಷ್ಟೇ. ಅದನ್ನು ಗರಗಸಕ್ಕೆ ಕೊಡು ಎಂದರೆ ಕೈ ಬರುವುದಿಲ್ಲ. ನಮ್ಮಲ್ಲಿ ಯಾವುದನ್ನೂ ಎಸೆಯದ ಸಂಸ್ಕಾರ. ಹರಿದ ಸೀರೆ ಕೌದಿಯಾಗುತ್ತದೆ, ಮುರಿದ ಗುಳ ಮಚ್ಚಾಗುತ್ತದೆ. ಆ ಗುಣ ಒಳ್ಳೆಯದೇ, ಆದರೆ ಟರ್ಬೈನ್ ಶಾಪಿನ ಬಾಗಿಲಲ್ಲಿ ಬಿಟ್ಟು ಬನ್ನಿ.

ಕೊನೆಗೆ, ಈ ಕೆಲಸಕ್ಕೆ ಹೋಗುವುದು ಹೇಗೆ ಎಂದು ಸಭೆಗೆ ಮೊದಲು ಇಬ್ಬರು ಮೂವರು ಮಕ್ಕಳು ಕೇಳಿದರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು, ಇಲ್ಲವೇ ತಕ್ಕ ಡಿಪ್ಲೊಮಾ ಇರಬೇಕು. ಡಿಜಿಸಿಎ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತರಬೇತಿ, ಪರೀಕ್ಷೆಗಳು, ಕೈಕೆಲಸದ ಅನುಭವ. ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರಿಗೆ ಬೇಕಾದ ಲೈಸೆನ್ಸಿನ ಹೆಸರು ಬಿ1.3. ಮಾನ್ಯತೆ ಇಲ್ಲದೆ ಹಣ ಕೇಳುವ ಸಂಸ್ಥೆಗಳೂ ಇವೆ, ಡಿಜಿಸಿಎ ಪಟ್ಟಿಯಲ್ಲಿ ಹೆಸರು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಆ ಲೈಸೆನ್ಸ್ ಮತ್ತು ಆ ಮಾದರಿಯ ಅನುಮತಿ ಇರುವವರ ಸಹಿ ಬೀಳದೆ, ರಿಪೇರಿಯಾದ ಹೆಲಿಕಾಪ್ಟರು ಸೇವೆಗೆ ಮರಳುವಂತಿಲ್ಲ. ಕಡೂರಿನ ಮೈದಾನದಲ್ಲಿ ಸಚಿವರು ಹಾರ ಹಾಕಿಸಿಕೊಂಡು ಕಾಯುತ್ತಿರಬಹುದು, ತರೀಕೆರೆಯ ಸಭೆಗೆ ತಡವಾಗುತ್ತಿರಬಹುದು, ಮಾಲೀಕರ ಫೋನು ಬರುತ್ತಲೇ ಇರಬಹುದು. ಸಹಿ ಹಾಕೆನು ಎನ್ನುವ ಹಕ್ಕು ಆ ಲೈಸೆನ್ಸಿನ ಜೊತೆಗೇ ಬರುತ್ತದೆ, ಅದಕ್ಕೆ ಬೇರೆ ಅರ್ಜಿ ಹಾಕಬೇಕಾಗಿಲ್ಲ.